ಸ್ಕಾಲರ್‌ಶಿಪ್ ಇನ್ನೂ ಗೊತ್ತಾಗಿಲ್ಲ, ಫೀಸಿನ ಕೊನೇ ದಿನ ಬಂದುಬಿಟ್ಟಿದೆ: ಈಗೇನು ಮಾಡೋದು?

ಜೂನ್-ಜುಲೈ ಬಂತೆಂದರೆ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮಗಳಿಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಇನ್ನೊಂದು ಕಡೆ ಒಂದು ಪ್ರೈವೇಟ್ ಯೂನಿವರ್ಸಿಟಿಯವರು ಮೆರಿಟ್ ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದಿದ್ದಾರೆ, ಎಷ್ಟು ಅಂತ ಇನ್ನೂ ಹೇಳಿಲ್ಲ. ಫೀಸು ಕಟ್ಟಲು ನಾಲ್ಕು ದಿನ ಇದೆ. ಕಾಯೋದಾ, ಕಟ್ಟೋದಾ?"

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿ ಇದನ್ನು ಒಂದೇ ಕಡೆ ಬರೆಯುತ್ತಿದ್ದೇನೆ. ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಅಥವಾ ಡಿಗ್ರಿಗೆ ಸೇರುವವರ ಮನೆಯವರಿಗೆ ಇದು. ನನ್ನ ಮಾತಿನ ತಿರುಳು ಮೊದಲೇ ಹೇಳಿಬಿಡುತ್ತೇನೆ: ಕೈಗೆ ಬಂದಿರದ ಸ್ಕಾಲರ್‌ಶಿಪ್ಪನ್ನು ಲೆಕ್ಕದಲ್ಲಿ ಸೊನ್ನೆ ಅಂತಲೇ ಬರೆಯಿರಿ. ಸೊನ್ನೆ ಬರೆದ ಮೇಲೂ ಕಟ್ಟಲು ಆಗುವ ಕಾಲೇಜು ಯಾವುದೋ ಅದನ್ನು ಕೈಯಲ್ಲಿ ಇಟ್ಟುಕೊಂಡು, ಆಮೇಲೆ ಆರಾಮಾಗಿ ಕಾಯಿರಿ.

ಕೂರುವ ಮೊದಲು ಇವು ಪಕ್ಕದಲ್ಲಿರಲಿ: ಒಂದು ನೋಟ್‌ಬುಕ್, ಪ್ರತಿ ಕಾಲೇಜಿನ ಫೀಸಿನ ಪಟ್ಟಿ (ವೆಬ್‌ಸೈಟಿನದಲ್ಲ, ಆಫೀಸಿನಲ್ಲಿ ಕೇಳಿ ಪಡೆದದ್ದು), ವಿದ್ಯಾರ್ಥಿಯ ಆಧಾರ್, ವಿದ್ಯಾರ್ಥಿಯ ಹೆಸರಲ್ಲೇ ಇರುವ ಬ್ಯಾಂಕ್ ಪಾಸ್‌ಬುಕ್, ಮತ್ತು ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರ. ಆ ಪ್ರಮಾಣಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ಉದ್ದ ನಂಬರ್ ಇರುತ್ತದೆ. ರಾಜ್ಯದ ಅರ್ಜಿಗಳೆಲ್ಲ ಕೇಳುವುದು ಅದನ್ನೇ. ಐದು ವರ್ಷ ಹಳೆಯದಾಗಿದ್ದರೆ ಹೊಸದು ಮಾಡಿಸಿಕೊಳ್ಳಿ, ಇವತ್ತೇ.

1. ಯಾವ ದುಡ್ಡು ಯಾವಾಗ ಬರುತ್ತೆ ಅಂತ ಬೇರೆ ಮಾಡಿ

ಎಲ್ಲವನ್ನೂ ನಾವು "ಸ್ಕಾಲರ್‌ಶಿಪ್" ಅಂತ ಒಂದೇ ಹೆಸರಲ್ಲಿ ಕರೆಯುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿ.

ಒಂದು ಬಗೆಯದು ಬಿಲ್ಲಿನಲ್ಲೇ ಕಡಿಮೆಯಾಗುತ್ತದೆ. ಯೂನಿವರ್ಸಿಟಿಯವರು ರ‍್ಯಾಂಕ್ ನೋಡಿ ಟ್ಯೂಷನ್ ಫೀಸಿನಲ್ಲಿ 25% ಅಥವಾ 50% ಬಿಡುವುದು ಈ ಬಗೆ. ಸಿಇಟಿಯಲ್ಲಿ ಸಿಗುವ ಎಸ್‌ಎನ್‌ಕ್ಯೂ ಸೀಟೂ ಇದೇ. ಎಸ್‌ಎನ್‌ಕ್ಯೂ ಎಂದರೆ ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ 5% ಸೀಟು. ಮನೆಯ ವರ್ಷದ ಆದಾಯ 8 ಲಕ್ಷದೊಳಗೆ ಇದ್ದವರಿಗೆ ರ‍್ಯಾಂಕ್ ಪ್ರಕಾರ ಕೊಡುತ್ತಾರೆ, ಟ್ಯೂಷನ್ ಫೀಸು ಮಾಫಿ. ಐಐಟಿಗಳಲ್ಲೂ ಹೀಗೇ: ವರ್ಷಕ್ಕೆ 2 ಲಕ್ಷ ಟ್ಯೂಷನ್ ಫೀಸಿನಲ್ಲಿ ಆದಾಯ 1 ಲಕ್ಷದೊಳಗಿದ್ದರೆ ಪೂರ್ತಿ ಮಾಫಿ, 1ರಿಂದ 5 ಲಕ್ಷದವರಿಗೆ ಮೂರರಲ್ಲಿ ಎರಡು ಪಾಲು ಮಾಫಿ.

ಎರಡನೇ ಬಗೆಯದು ಆಮೇಲೆ ಖಾತೆಗೆ ಬರುತ್ತದೆ. ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎನ್‌ಎಸ್‌ಪಿ, ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿ, ಟ್ರಸ್ಟು-ಫೌಂಡೇಶನ್‌ಗಳ ಹಣ, ಎಲ್ಲ ಇದೇ ಸಾಲಿಗೆ. ಇವಕ್ಕೆ ಅರ್ಜಿ ಹಾಕುವುದೇ ಕಾಲೇಜು ಸೇರಿದ ಮೇಲೆ. ದುಡ್ಡು ಬರುವಷ್ಟರಲ್ಲಿ ಮೊದಲ ಸೆಮಿಸ್ಟರ್ ಮುಗಿದಿರುತ್ತದೆ, ಕೆಲವೊಮ್ಮೆ ಎರಡನೆಯದೂ. ಹಾಗಾಗಿ ಇದರಿಂದ ಜುಲೈ ತಿಂಗಳ ಫೀಸು ಕಟ್ಟಲು ಆಗುವುದಿಲ್ಲ. ಕಟ್ಟಿದ ಫೀಸಿನ ಒಂದಿಷ್ಟು ಪಾಲು ಮನೆಗೆ ವಾಪಸ್ ಬರುತ್ತದೆ, ಅಷ್ಟೇ.

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎರಡು ಕಾಲಂ ಎಳೆದು, ನಿಮ್ಮ ಕಣ್ಣಿರುವ ಪ್ರತಿ ಸ್ಕಾಲರ್‌ಶಿಪ್ ಯಾವ ಕಡೆಗೆ ಬರುತ್ತದೆ ಅಂತ ಬರೆಯಿರಿ. ಎಲ್ಲವೂ ಎರಡನೇ ಕಾಲಂನಲ್ಲೇ ಇದ್ದರೆ ಜುಲೈ ಫೀಸಿಗೆ ಬೇರೆ ದಾರಿ ಬೇಕು ಅಂತ ಅರ್ಥ.

2. ಒಂದು ವರ್ಷದ್ದಲ್ಲ, ನಾಲ್ಕು ವರ್ಷದ ಲೆಕ್ಕ ಹಾಕಿ

ಜನ ಅತಿ ಹೆಚ್ಚು ಎಡವುವ ಜಾಗ ಇದು. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮೊದಲು ಸೀಟಿನ ಬಗೆ. ನಮ್ಮ ಖಾಸಗಿ ಅನುದಾನರಹಿತ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ 45% ಸೀಟು ಸಿಇಟಿಗೆ, 30% ಕಾಮೆಡ್‌-ಕೆಗೆ (ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪ್ರವೇಶ ಪರೀಕ್ಷೆ), 25% ಮ್ಯಾನೇಜ್‌ಮೆಂಟಿಗೆ. ಅದೇ ಬೆಂಚು, ಅದೇ ಮೇಷ್ಟ್ರು, ಅದೇ ಲ್ಯಾಬ್, ಆದರೆ ಫೀಸು ಮೂರು ಥರ. ಮ್ಯಾನೇಜ್‌ಮೆಂಟ್ ಸೀಟಿನ ಮೇಲೆ ಕೊಡುವ "ಸ್ಕಾಲರ್‌ಶಿಪ್" ಕಳೆದ ಮೇಲೂ ಅದು ಅದೇ ಕಾಲೇಜಿನ ಸಿಇಟಿ ಸೀಟಿಗಿಂತ ದುಬಾರಿಯೇ ಇರಬಹುದು. ಕೇಳಿ ನೋಡಿ.

ಈಗ ಒಂದು ಉದಾಹರಣೆ. ಅಂಕಿಗಳು ನಾನು ಲೆಕ್ಕಕ್ಕೆ ಇಟ್ಟುಕೊಂಡವು, ನಿಮ್ಮವನ್ನು ಅಲ್ಲಿ ತುಂಬಿಕೊಳ್ಳಿ.

ಮೈಸೂರಿನ ಹುಡುಗಿ. ಮೊದಲ ಆಯ್ಕೆ, ಊರಲ್ಲೇ ಸಿಇಟಿ ಸೀಟು. ಕಾಲೇಜಿಗೆ ಕಟ್ಟುವುದು ಎಲ್ಲ ಸೇರಿ ವರ್ಷಕ್ಕೆ 1,00,000. ಬಸ್ಸು 15,000. ಪುಸ್ತಕ, ಪರೀಕ್ಷೆ ಫೀಸು, ಜೆರಾಕ್ಸು, ಪ್ರಾಜೆಕ್ಟು ಅಂತ 20,000. ವರ್ಷಕ್ಕೆ 1,35,000, ನಾಲ್ಕು ವರ್ಷಕ್ಕೆ 5,40,000.

ಎರಡನೇ ಆಯ್ಕೆ, ಬೆಂಗಳೂರಿನ ಖಾಸಗಿ ಯೂನಿವರ್ಸಿಟಿ. ಟ್ಯೂಷನ್ 4,00,000, ಅದರಲ್ಲಿ 50% ಮೆರಿಟ್ ಸ್ಕಾಲರ್‌ಶಿಪ್. ಕೇಳಲು ಚೆನ್ನಾಗಿದೆ ಅಲ್ವಾ? ಬಿಲ್ ನೋಡಿ. ಟ್ಯೂಷನ್ ಅರ್ಧ ಹೋಗಿ 2,00,000. "ಇತರೆ ಶುಲ್ಕ" 60,000, ಅದಕ್ಕೆ ಸ್ಕಾಲರ್‌ಶಿಪ್ ಅನ್ವಯಿಸುವುದಿಲ್ಲ. ಹಾಸ್ಟೆಲ್ ಮತ್ತು ಮೆಸ್ 1,40,000, ಅದಕ್ಕೂ ಇಲ್ಲ. ಓಡಾಟ, ಬಟ್ಟೆಬರೆ, ಕೈಖರ್ಚು 30,000. ಒಟ್ಟು ವರ್ಷಕ್ಕೆ 4,30,000. ನಾಲ್ಕು ವರ್ಷಕ್ಕೆ 17,20,000.

ಅರ್ಧ ಫೀಸು ಮಾಫಿ ಆದ ಮೇಲೂ ಮೂರು ಪಟ್ಟು ಜಾಸ್ತಿ.

ಇನ್ನೂ ಒಂದು ಸಾಲು ಬರೆಯಬೇಕು, ಇದನ್ನೇ ಯಾರೂ ಬರೆಯುವುದಿಲ್ಲ. ಮೊದಲ ವರ್ಷದ ಕೊನೆಗೆ ಸ್ಕಾಲರ್‌ಶಿಪ್ ಕೈತಪ್ಪಿದರೆ? ಆಗ ಉಳಿದ ಮೂರು ವರ್ಷ ಒಂದೊಂದಕ್ಕೂ 6,30,000. ಒಟ್ಟು 23,20,000. ಫೀಸು ವರ್ಷವರ್ಷ ಏರುವುದನ್ನು ಇದರಲ್ಲಿ ಸೇರಿಸಿಯೇ ಇಲ್ಲ.

ಹಾಗಂತ ಎರಡನೆಯದು ತಪ್ಪು ಅಂತ ನಾನು ಹೇಳುತ್ತಿಲ್ಲ. ಬೇಕಾದ ಬ್ರಾಂಚ್ ಅಲ್ಲಿ ಮಾತ್ರ ಸಿಕ್ಕಿರಬಹುದು, ಕ್ಯಾಂಪಸ್ ಸೆಲೆಕ್ಷನ್ ಚೆನ್ನಾಗಿರಬಹುದು, ಮನೆಯಲ್ಲಿ ಅನುಕೂಲವೂ ಇರಬಹುದು. ಆದರೆ ಎರಡರ ನಡುವಿನ ಅಂತರ "ಒಂದು ಲಕ್ಷ ಜಾಸ್ತಿ" ಅಲ್ಲ, ಹನ್ನೆರಡು ಲಕ್ಷ ಅಂತ ಗೊತ್ತಿದ್ದೇ ತೀರ್ಮಾನ ಆಗಲಿ. ಈ ಲೆಕ್ಕವನ್ನು ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಹದಿನೆಂಟು ತುಂಬಿದವರು, ಅವರಿಗೂ ಅರ್ಥವಾಗುತ್ತದೆ.

3. ಸ್ಕಾಲರ್‌ಶಿಪ್ ಪತ್ರವನ್ನು ಕೊನೆಯಿಂದ ಓದಿ

ಮೊದಲ ಸಾಲಿನಲ್ಲಿ ಅಭಿನಂದನೆ ಇರುತ್ತದೆ. ಷರತ್ತು ಕೊನೇ ಪುಟದಲ್ಲಿ, ಸಣ್ಣಕ್ಷರದಲ್ಲಿ. ಅಲ್ಲಿ ಇವನ್ನು ಹುಡುಕಿ.

ಎಷ್ಟು ವರ್ಷಕ್ಕೆ? "ಮೊದಲ ವರ್ಷದ ಟ್ಯೂಷನ್ ಫೀಸಿನಲ್ಲಿ" ಎಂದಿದ್ದರೆ ಅದು ಒಂದೇ ವರ್ಷದ ರಿಯಾಯಿತಿ.

ಉಳಿಸಿಕೊಳ್ಳಲು ಏನು ಬೇಕು? ಸಾಮಾನ್ಯವಾಗಿ ಸಿಜಿಪಿಎ ಕೇಳುತ್ತಾರೆ. ಸಿಜಿಪಿಎ ಎಂದರೆ ಎಲ್ಲ ಸೆಮಿಸ್ಟರ್ ಸೇರಿ ಹತ್ತಕ್ಕೆ ಎಷ್ಟು ಎನ್ನುವ ಸರಾಸರಿ. "8.5 ಇರಬೇಕು" ಎನ್ನುವುದು ಒಂದು ಮಾತು, "ಬ್ಯಾಚಿನ ಮೊದಲ 10% ಒಳಗೆ ಇರಬೇಕು" ಎನ್ನುವುದು ಬೇರೆಯೇ ಮಾತು. ಮೊದಲನೆಯದು ನಿಮ್ಮ ಮಗುವಿನ ಓದಿನ ಮೇಲೆ ನಿಂತಿದೆ. ಎರಡನೆಯದು ಪಕ್ಕದಲ್ಲಿ ಕೂತವರ ಓದಿನ ಮೇಲೂ ನಿಂತಿದೆ. ಅದೇ ಸ್ಕಾಲರ್‌ಶಿಪ್ ಸಿಕ್ಕಿ ಬಂದ ಐವತ್ತು ಜನ ಒಂದೇ ಬ್ಯಾಚಿನಲ್ಲಿ ಇದ್ದರೆ ಮೊದಲ 10% ಒಳಗೆ ಎಲ್ಲರೂ ಇರಲಾಗುವುದಿಲ್ಲವಲ್ಲ.

ಬ್ಯಾಕ್‌ಲಾಗ್ ಅಂದರೆ ಒಂದು ವಿಷಯ ಉಳಿದುಕೊಂಡರೂ ರದ್ದಾಗುತ್ತದೆಯೇ? ಒಮ್ಮೆ ರದ್ದಾದರೆ ಮುಂದಿನ ವರ್ಷ ಅಂಕ ಬಂದಾಗ ಮತ್ತೆ ಸಿಗುತ್ತದೆಯೇ? ಬ್ರಾಂಚ್ ಬದಲಿಸಿದರೆ? ಎಸ್‌ಎನ್‌ಕ್ಯೂ ಥರದ ಮಾಫಿ ಸೀಟಿನಲ್ಲಂತೂ ಮಧ್ಯದಲ್ಲಿ ಕಾಲೇಜು, ಕೋರ್ಸು ಬದಲಿಸಲು ಬರುವುದಿಲ್ಲ. ಸೇರುವಾಗಲೇ ಬ್ರಾಂಚ್ ಒಪ್ಪಿಗೆ ಇರಬೇಕು.

ಎಚ್ಚರ: "ಸ್ಕಾಲರ್‌ಶಿಪ್ ಪಕ್ಕಾ ಆಗುತ್ತೆ, ಸುಮ್ನೆ ಅಡ್ಮಿಷನ್ ಮಾಡಿಸಿ" ಅಂತ ಕೌನ್ಸೆಲರ್ ಫೋನಿನಲ್ಲಿ ಹೇಳಿದ ಮಾತಿಗೆ ಬೆಲೆ ಇಲ್ಲ. ಯೂನಿವರ್ಸಿಟಿಯ ಮೇಲ್ ವಿಳಾಸದಿಂದ ಬರಹದಲ್ಲಿ ಬರಲಿ.

4. ಸಿಇಟಿ ಆಪ್ಷನ್ ಎಂಟ್ರಿಗೆ ಮೊದಲೇ ಈ ಲೆಕ್ಕ ಮುಗಿದಿರಲಿ

ಆಪ್ಷನ್ ಎಂಟ್ರಿ ಎಂದರೆ ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ನಮಗೆ ಬೇಕಾದ ಕಾಲೇಜು-ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಜೋಡಿಸುವುದು. ಬಹಳ ಜನ ಇಲ್ಲಿ ಹೆಸರು ನೋಡಿ ಜೋಡಿಸುತ್ತಾರೆ, ಫೀಸು ಆಮೇಲೆ ನೋಡುತ್ತಾರೆ. ಇದು ತಿರುಗುಬಾಣ ಆಗುವುದು ಹೇಗೆ ಅಂತ ಕೇಳಿ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್ ಕೊಡುತ್ತಾರೆ. ಒಂದನೆಯದು, ಸೀಟು ಒಪ್ಪಿಗೆ, ಫೀಸು ಕಟ್ಟಿ ಸೇರುತ್ತೇನೆ. ಎರಡನೆಯದು, ಸೀಟು ಒಪ್ಪಿಗೆ, ಆದರೆ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಮುಂದಿನ ಸುತ್ತಿನಲ್ಲಿ ಸಿಗುತ್ತದಾ ನೋಡುತ್ತೇನೆ. ಮೂರನೆಯದು, ಈ ಸೀಟು ಬೇಡ, ಮುಂದಿನ ಸುತ್ತಿಗೆ ಇರುತ್ತೇನೆ. ನಾಲ್ಕನೆಯದು, ಸಿಇಟಿ ಸೀಟೇ ಬೇಡ.

ಎರಡನೇ ಚಾಯ್ಸ್‌ನಲ್ಲಿ ಒಂದು ಕೊಕ್ಕೆ ಇದೆ. ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕಿತು ಅಂದರೆ ಹಿಂದಿನ ಸೀಟು ತಾನೇ ರದ್ದಾಗುತ್ತದೆ. ಸಿಕ್ಕಿದ್ದು ನಿಮ್ಮ ಕೈಗೆ ಎಟುಕದ ಫೀಸಿನ ಕಾಲೇಜಾಗಿದ್ದರೆ, ಕಟ್ಟಬಲ್ಲ ಸೀಟೂ ಹೋಯಿತು, ಇದನ್ನು ಕಟ್ಟಲೂ ಆಗಲಿಲ್ಲ. ಆದ್ದರಿಂದ ಸ್ಕಾಲರ್‌ಶಿಪ್ ಸೊನ್ನೆ ಎಂದುಕೊಂಡಾಗಲೂ ಕಟ್ಟಲು ಆಗುವ ಕಾಲೇಜುಗಳು ಮಾತ್ರ ಪಟ್ಟಿಯ ಮೇಲ್ಭಾಗದಲ್ಲಿರಲಿ. ಚಾಯ್ಸ್‌ಗಳ ನಿಯಮ, ಮುಂಗಡ ಕಟ್ಟುವ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆ ವರ್ಷದ ಸೂಚನೆಯನ್ನು ಕೆಇಎ ವೆಬ್‌ಸೈಟಿನಲ್ಲೇ ಓದಿ, ವಾಟ್ಸಾಪ್ ಗ್ರೂಪಿನಲ್ಲಿ ಬಂದ ಹಳೇ ಪಿಡಿಎಫ್ ನಂಬಬೇಡಿ.

5. ಕಾಯುತ್ತಿರುವಾಗ: ಒಂದು ಮೇಲ್ ಬರೆಯಿರಿ, ವಾಪಸಾತಿ ನಿಯಮ ಓದಿ

ಕೇಳಿದರೆ ಬೇಜಾರು ಮಾಡಿಕೊಂಡಾರು ಅಂತ ಎಷ್ಟೋ ಜನ ಸುಮ್ಮನಿದ್ದುಬಿಡುತ್ತಾರೆ. ಅಡ್ಮಿಷನ್ ಆಫೀಸಿಗೆ ಇದು ದಿನನಿತ್ಯದ ಕೆಲಸ. ಮೇಲ್ ವಿದ್ಯಾರ್ಥಿಯ ಹೆಸರಿನಿಂದ ಹೋಗಲಿ, ಚಿಕ್ಕದಾಗಿರಲಿ. ಒಕ್ಕಣೆ ಹೀಗಿದ್ದರೆ ಸಾಕು:

"ನನ್ನ ಅರ್ಜಿ ಸಂಖ್ಯೆ ಇದು. ನಿಮ್ಮಲ್ಲಿ ಸೇರಲು ಇಷ್ಟವಿದೆ. ಆದರೆ ಇದೇ 18ನೇ ತಾರೀಖಿನೊಳಗೆ ನಾನು ಸಿಇಟಿ ಸೀಟಿಗೆ ಫೀಸು ಕಟ್ಟಬೇಕಿದೆ. ಮೆರಿಟ್ ಸ್ಕಾಲರ್‌ಶಿಪ್ ತೀರ್ಮಾನ ಯಾವ ದಿನ ತಿಳಿಯುತ್ತದೆ? ಅಲ್ಲಿಯವರೆಗೆ ನನ್ನ ಸೀಟಿನ ಮುಂಗಡ ಕಟ್ಟುವ ದಿನ ಮುಂದೂಡಲು ಸಾಧ್ಯವೇ? ಸ್ಕಾಲರ್‌ಶಿಪ್ ಸಿಗದಿದ್ದರೆ ಮುಂಗಡ ಎಷ್ಟು ವಾಪಸ್ ಬರುತ್ತದೆ?"

ಮೂರು ಪ್ರಶ್ನೆ, ಒಂದು ತಾರೀಖು. ಎರಡು ದಿನದಲ್ಲಿ ಉತ್ತರ ಬರದಿದ್ದರೆ ಫೋನ್ ಮಾಡಿ, ಮಾತಾಡಿದ್ದನ್ನು "ನೀವು ಹೀಗೆ ಹೇಳಿದಿರಿ" ಅಂತ ಅದೇ ಮೇಲ್‌ಗೆ ಸೇರಿಸಿ ಕಳಿಸಿ.

ವಾಪಸಾತಿ ಬಗ್ಗೆ ಯುಜಿಸಿ (ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ) ನಿಯಮ ನಿಮ್ಮ ಪರವಾಗಿದೆ. 2024-25ರ ಸಾಲಿಗೆ ಅದು ಹೇಳಿದ್ದು ಹೀಗೆ: ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ಟರೆ ಫೀಸು ಪೂರ್ತಿ ವಾಪಸ್. ಅಕ್ಟೋಬರ್ 31ರೊಳಗೆ ಬಿಟ್ಟರೆ ಹೆಚ್ಚೆಂದರೆ 1,000 ರೂಪಾಯಿ ಹಿಡಿದುಕೊಂಡು ಉಳಿದದ್ದು ವಾಪಸ್. ಖಾಸಗಿ ಮತ್ತು ಡೀಮ್ಡ್ ಯೂನಿವರ್ಸಿಟಿಗಳಿಗೂ ಇದು ಅನ್ವಯ. ನೀವು ಸೇರುವ ವರ್ಷದ ತಾರೀಖು ಯಾವುದು ಅಂತ ಯುಜಿಸಿ ವೆಬ್‌ಸೈಟಿನಲ್ಲಿ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೂಲ ಅಂಕಪಟ್ಟಿ, ಟಿಸಿಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂದೂ ಯುಜಿಸಿ 2018ರಲ್ಲೇ ಹೇಳಿದೆ. ಕೆಇಎ ಮೂಲಕ ಸಿಕ್ಕ ಸೀಟು ಬಿಡುವುದಕ್ಕೆ ಮಾತ್ರ ಕೆಇಎಯದ್ದೇ ಬೇರೆ ತಾರೀಖು, ಬೇರೆ ದಂಡ ಇರುತ್ತದೆ. ಎರಡನ್ನೂ ಕಲಸಬೇಡಿ.

ನಿಯಮ ಇದ್ದರೂ ದುಡ್ಡು ಬರಲು ತಿಂಗಳುಗಟ್ಟಲೆ ಅಲೆಯಬೇಕಾಗಬಹುದು. ಹಾಗಾಗಿ ಎರಡೂ ಕಡೆ ಕಟ್ಟಿ ಇಟ್ಟುಕೊಳ್ಳುವ ಉಪಾಯ, ಆ ದುಡ್ಡು ಆರು ತಿಂಗಳು ಸಿಕ್ಕಿಹಾಕಿಕೊಂಡರೂ ತೊಂದರೆ ಇಲ್ಲ ಎನ್ನುವವರಿಗೆ ಮಾತ್ರ. ಕೈಸಾಲ ಮಾಡಿ ಎರಡು ಕಡೆ ಕಟ್ಟಬೇಡಿ. ಕಟ್ಟುವಾಗಲೂ ಕಾಲೇಜಿನ ಖಾತೆಗೇ ಕಟ್ಟಿ, ರಸೀದಿ ತೆಗೆದುಕೊಳ್ಳಿ. ರಸೀದಿ ಇಲ್ಲದ ದುಡ್ಡು ಕೇಳಿದರೆ ಅದು ಡೊನೇಶನ್. ಕರ್ನಾಟಕದಲ್ಲಿ 1984ರ ಕಾಯ್ದೆಯಡಿ ಅದು ಅಪರಾಧ.

6. ಸೇರಿದ ಕೂಡಲೇ ಹಾಕಬೇಕಾದ ಅರ್ಜಿಗಳು

ಯಾವುದಕ್ಕೆ ಅರ್ಹತೆ ಇದೆಯೋ ನೋಡಿಕೊಳ್ಳಿ.

ಪಿಯುಸಿಯಲ್ಲಿ ತಮ್ಮ ವಿಭಾಗದ ಮೊದಲ 20% ಒಳಗೆ ಬಂದವರು, ಮನೆಯ ಆದಾಯ 4.5 ಲಕ್ಷದೊಳಗೆ: ಕೇಂದ್ರ ವಲಯದ ವಿದ್ಯಾರ್ಥಿವೇತನ, ವರ್ಷಕ್ಕೆ 12,000. ಇಂಜಿನಿಯರಿಂಗ್ ನಾಲ್ಕನೇ ವರ್ಷದಲ್ಲಿ 20,000. ಅರ್ಜಿ ಎನ್‌ಎಸ್‌ಪಿಯಲ್ಲಿ.

ಇಂಜಿನಿಯರಿಂಗ್, ಡಿಪ್ಲೊಮಾ ಸೇರಿದ ಹೆಣ್ಣುಮಕ್ಕಳು, ಆದಾಯ 8 ಲಕ್ಷದೊಳಗೆ: ಎಐಸಿಟಿಇ (ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ) ಕೊಡುವ ಪ್ರಗತಿ ಸ್ಕಾಲರ್‌ಶಿಪ್, ವರ್ಷಕ್ಕೆ 50,000. ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳಿಗೆ ಸಿಗಬಹುದು.

ಬಿಎಸ್ಸಿ, ಮೂಲವಿಜ್ಞಾನ ಸೇರಿದವರು, ಬೋರ್ಡಿನ ಮೊದಲ 1%: ಇನ್‌ಸ್ಪೈರ್, ವರ್ಷಕ್ಕೆ 80,000. ಅದರಲ್ಲಿ 60,000 ಕೈಗೆ, 20,000 ಸಂಶೋಧನಾ ಪ್ರಾಜೆಕ್ಟಿಗೆ. ಇಂಜಿನಿಯರಿಂಗ್‌ನವರಿಗೆ ಇದು ಇಲ್ಲ. ಪ್ರತಿ ವರ್ಷ ಎಷ್ಟೋ ಇಂಜಿನಿಯರಿಂಗ್ ಮಕ್ಕಳು ಹಾಕಿ ಸಮಯ ಕಳೆಯುತ್ತಾರೆ.

ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಹತ್ತು, ಹನ್ನೆರಡು ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000. ರಿಲಯನ್ಸ್ ಫೌಂಡೇಶನ್ನಿನದು ಇಡೀ ಡಿಗ್ರಿಗೆ 2 ಲಕ್ಷದವರೆಗೆ, ಆದಾಯ 15 ಲಕ್ಷದೊಳಗೆ, ಆನ್‌ಲೈನ್ ಪರೀಕ್ಷೆ ಇದೆ. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ-ಪಂಗಡ, ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ.

ಎಡವುವ ಜಾಗ ಎರಡು. ಒಂದು, ಸರ್ಕಾರದ ಸ್ಕಾಲರ್‌ಶಿಪ್ ಎರಡನ್ನು ಒಟ್ಟಿಗೆ ಪಡೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಕೇಂದ್ರ ವಲಯದ 12,000ಕ್ಕಂತೂ ಬೇರೆ ಸ್ಕಾಲರ್‌ಶಿಪ್ ಇರಬಾರದು, ಫೀಸು ಮಾಫಿಯೂ ಇರಬಾರದು. ಜಾಸ್ತಿ ಬರುವುದು ಯಾವುದೋ ಅದನ್ನು ಆರಿಸಿ. ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಬೇಡಿ.

ಎರಡು, ಆಧಾರ್ ಸೀಡಿಂಗ್. ಇದು ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಡುವುದಲ್ಲ. ನಿಮ್ಮ ಆಧಾರ್‌ಗೆ ಬರುವ ಸರ್ಕಾರಿ ದುಡ್ಡು ಯಾವ ಖಾತೆಗೆ ಹೋಗಬೇಕು ಎಂದು, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ದಾಖಲಾಗುವುದು. ಒಂದು ಆಧಾರ್‌ಗೆ ಒಂದೇ ಖಾತೆ. ಅರ್ಜಿಯಲ್ಲಿ ನೀವು ಯಾವ ಖಾತೆ ಬರೆದರೂ ದುಡ್ಡು ಹೋಗುವುದು ಅಲ್ಲಿಗೇ. ನಮ್ಮ ಮನೆಯಲ್ಲೇ ಹೀಗಾಯಿತು. ನಾವು ಐದು ತಿಂಗಳು "ಬಂದಿಲ್ಲ, ಬಂದಿಲ್ಲ" ಅಂತ ಕಾದೆವು. ದುಡ್ಡು ಮಗಳು ಏಳನೇ ಕ್ಲಾಸಿನಲ್ಲಿ ತೆರೆದು ಮರೆತಿದ್ದ ಖಾತೆಯಲ್ಲಿ ಕೂತಿತ್ತು. ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಒಂದು ಓಟಿಪಿ ಹಾಕಿದರೆ ಯಾವ ಬ್ಯಾಂಕು ಎಂದು ತೋರಿಸುತ್ತದೆ. ಅರ್ಜಿಗೆ ಮೊದಲೇ ನೋಡಿ. ಆ ಓಟಿಪಿಯನ್ನು ಬೇರೆ ಯಾರಿಗೂ ಹೇಳಬೇಡಿ. ಸ್ಕಾಲರ್‌ಶಿಪ್ ಮಂಜೂರು ಮಾಡಿಸುತ್ತೇವೆ ಅಂತ ಫೀಸು ಕೇಳುವವರು ಮೋಸಗಾರರೇ.

7. ಮಧ್ಯದ ಗ್ಯಾಪಿಗೆ ಸಾಲ

ಜುಲೈಗೂ ಸ್ಕಾಲರ್‌ಶಿಪ್ ಬರುವ ದಿನಕ್ಕೂ ನಡುವೆ ದುಡ್ಡು ಬೇಕೇ ಬೇಕು ಅಂದರೆ ಬಡ್ಡಿ ವ್ಯಾಪಾರಿ, ಚಿನ್ನ ಅಂತ ಓಡುವ ಮೊದಲು ಬ್ಯಾಂಕಿನ ವಿದ್ಯಾಸಾಲ ಕೇಳಿ. ಸಾಮಾನ್ಯ ನಿಯಮದಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡ ಇಡಬೇಕಿಲ್ಲ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಒಳ್ಳೆಯ ಸಂಸ್ಥೆಗಳಿಗೆ ಸೇರಿದರೆ ಅಡಮಾನವೂ ಬೇಡ, ಜಾಮೀನೂ ಬೇಡ. ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಇಲ್ಲದಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ 3% ಬಡ್ಡಿ ರಿಯಾಯಿತಿಗೂ ಅರ್ಜಿ ಹಾಕಬಹುದು. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಇದನ್ನು ಮೊರಟೋರಿಯಂ ಅನ್ನುತ್ತಾರೆ. ಬಡ್ಡಿ ಮಾತ್ರ ನಿಲ್ಲುವುದಿಲ್ಲ, ಏರುತ್ತಾ ಇರುತ್ತದೆ. ತಿಂಗಳು ತಿಂಗಳು ಆ ಬಡ್ಡಿಯನ್ನಷ್ಟೇ ಕಟ್ಟಿಕೊಂಡು ಹೋದರೂ ನಾಲ್ಕು ವರ್ಷದ ಮೇಲೆ ಹೊರೆ ಎಷ್ಟೋ ಹಗುರ. ಸ್ಕಾಲರ್‌ಶಿಪ್ ಬಂದ ದಿನ ಅದನ್ನು ಈ ಸಾಲಕ್ಕೇ ಜಮಾ ಮಾಡಿ.

8. ಅರ್ಜಿ ಹಾಕಿದ ಮೇಲೆ ಮರೆಯಬೇಡಿ

ಎನ್‌ಎಸ್‌ಪಿ ಅರ್ಜಿ ಮೊದಲು ಕಾಲೇಜಿನ ನೋಡಲ್ ಅಧಿಕಾರಿಯ ಲಾಗಿನ್‌ಗೆ ಹೋಗುತ್ತದೆ. ಅಂದರೆ ಸ್ಕಾಲರ್‌ಶಿಪ್ ಕೆಲಸ ನೋಡುವ ಸಿಬ್ಬಂದಿ. ಅವರು ಒತ್ತಿದರೆ ಮಾತ್ರ ಮುಂದೆ ಹೋಗುವುದು. ಅವರು ಯಾರು, ಯಾವ ಕೌಂಟರಿನಲ್ಲಿ ಕೂರುತ್ತಾರೆ ಅಂತ ಮೊದಲ ವಾರವೇ ತಿಳಿದುಕೊಳ್ಳಿ. ಅರ್ಜಿಯ ಪ್ರಿಂಟು, ಅಂಕಪಟ್ಟಿ, ಫೀಸಿನ ರಸೀದಿ ಕೊಟ್ಟು ಬನ್ನಿ. ಎಸ್‌ಎಸ್‌ಪಿಗೆ ಇ-ಅಟೆಸ್ಟೇಷನ್ ಬೇಕು, ಅಂದರೆ ಮೂಲ ದಾಖಲೆ ನೋಡಿ ಅಧಿಕಾರಿ ಆನ್‌ಲೈನಿನಲ್ಲೇ ದೃಢೀಕರಿಸುವುದು.

ಹದಿನೈದು ದಿನಕ್ಕೊಮ್ಮೆ ಸ್ಟೇಟಸ್ ನೋಡಿ. "ಡಿಫೆಕ್ಟಿವ್" ಅಂತ ಬಂದರೆ ಗಾಬರಿ ಬೇಡ, ಅದು ತಿರಸ್ಕಾರ ಅಲ್ಲ. ಏನೋ ಒಂದು ತಪ್ಪಿದೆ, ಸರಿಮಾಡಿ ಮತ್ತೆ ಕಳಿಸಿ ಎಂದರ್ಥ. ಆದರೆ ಅದಕ್ಕೂ ಕೊನೇ ದಿನ ಇದೆ. ನೋಡದೇ ಬಿಟ್ಟರೆ ಅರ್ಜಿ ಅಲ್ಲೇ ಸಾಯುತ್ತದೆ.

ಅರ್ಜಿ ನಂಬರು, ಆಗ ಕೊಟ್ಟ ಮೊಬೈಲ್ ನಂಬರು ಎರಡನ್ನೂ ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಎರಡನೇ ವರ್ಷ ರಿನ್ಯೂವಲ್‌ಗೆ ಅವೇ ಬೇಕು. ಕೇಂದ್ರ ವಲಯದ್ದಕ್ಕೆ 50% ಅಂಕ, 75% ಹಾಜರಿ ಕೇಳುತ್ತಾರೆ. ಸಿಮ್ ಬದಲಿಸುವ ಯೋಚನೆ ಮಗಳಿಗೆ ಬಂದರೆ, ಅದಕ್ಕೂ ಮೊದಲು ಪೋರ್ಟಲ್‌ನಲ್ಲಿ ನಂಬರ್ ಬದಲಿಸಲು ಹೇಳಿ.